ವಿಜಯಪುರದ ಗಲ್ಲಿಗಳಲ್ಲಿ ಸ್ಟ್ರೀಟ್‌ಕಂಪ್ಲೀಟ್: ಜನರನ್ನು ಕರೆತರುವ ಆ್ಯಪ್, ಉಳಿಸಿಕೊಳ್ಳುವುದು ನಮ್ಮ ಕೆಲಸ

ಗೋಲ್ ಗುಂಬಜ್ ಯಾವ ನಕ್ಷೆ ತೆರೆದರೂ ಸಿಗುತ್ತದೆ. ಇಬ್ರಾಹಿಂ ರೋಜಾ ಸಿಗುತ್ತದೆ, ಬಾರಾ ಕಮಾನ್ ಸಿಗುತ್ತದೆ. ಪ್ರವಾಸಕ್ಕೆ ಬಂದವರಿಗೆ ಅಷ್ಟು ಸಾಕು. ಊರಲ್ಲಿ ಇರುವವರಿಗೆ ಸಾಲುವುದಿಲ್ಲ. ಈ ಗಲ್ಲಿಯಲ್ಲಿ ರಾತ್ರಿ ದೀಪ ಉರಿಯುತ್ತದಾ, ಆ ದವಾಖಾನೆಗೆ ಮೆಟ್ಟಿಲು ಬಿಟ್ಟು ಬೇರೆ ದಾರಿ ಇದೆಯಾ, ಬಸ್ ಸ್ಟಾಪಿನಲ್ಲಿ ನೆರಳಿದೆಯಾ, ರಸ್ತೆ ಡಾಂಬರಿನದಾ ಮಣ್ಣಿನದಾ, ಇವನ್ನೆಲ್ಲ ಹೊರಗಿನವರು ಬಂದು ಬರೆಯುವುದಿಲ್ಲ. ಇಲ್ಲೇ ಓಡಾಡುವವರು ಬರೆಯಬೇಕು. ಅದಕ್ಕೆ ಅಂತ ಇರುವ ಆ್ಯಪ್ ಸ್ಟ್ರೀಟ್‌ಕಂಪ್ಲೀಟ್. ನಾನು ಮತ್ತು ನಮ್ಮ ಓಣಿಯ ಕೆಲವರು ಸೇರಿ ಇದನ್ನು ಬಳಸುತ್ತಿದ್ದೇವೆ. ಅದರ ಮೇಲೆ ಈ ರಿವ್ಯೂ.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದು ನಕ್ಷೆ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದರು. ಜನರೇ ಬರೆಯುತ್ತಾರೆ, ಜನರೇ ತಿದ್ದುತ್ತಾರೆ, ಯಾರು ಬೇಕಾದರೂ ಬಳಸಬಹುದು. ಆ ನಕ್ಷೆಯಲ್ಲಿ ಎಲ್ಲಿ ಯಾವ ವಿವರ ಬಿಟ್ಟುಹೋಗಿದೆ ಅಂತ ಹುಡುಕಿ, ನೀವು ನಿಂತ ಜಾಗದಲ್ಲೇ ನಿಮಗೊಂದು ಸಣ್ಣ ಪ್ರಶ್ನೆ ಕೇಳುವುದು ಸ್ಟ್ರೀಟ್‌ಕಂಪ್ಲೀಟ್ ಕೆಲಸ. 2017ರಿಂದ ಇದೆ. ಶುರು ಮಾಡಿದ್ದು ಟೋಬಿಯಾಸ್ ಜ್ವಿಕ್ ಎಂಬ ಜರ್ಮನ್ ಡೆವಲಪರ್. ಆಂಡ್ರಾಯ್ಡ್ ಫೋನಿನಲ್ಲಿ ನಡೆಯುತ್ತದೆ. ಪ್ಲೇ ಸ್ಟೋರ್‌ನಲ್ಲೂ ಸಿಗುತ್ತದೆ, ಕೋಡ್ ತೆರೆದಿಟ್ಟ ಆ್ಯಪ್‌ಗಳ ಸ್ಟೋರ್ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತೂ ಇಲ್ಲ. ಕೋಡ್ ಪೂರ್ತಿ ತೆರೆದಿದೆ, ಅಂದರೆ ಓಪನ್ ಸೋರ್ಸ್. ಯಾರು ಬೇಕಾದರೂ ನೋಡಿ, ಬದಲಿಸಿ, ಹಂಚಬಹುದು ಎನ್ನುವ ಜಿಪಿಎಲ್ ಲೈಸೆನ್ಸ್ ಇದಕ್ಕಿದೆ.

ಬ್ಯಾಟರಿ, ಡೇಟಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಫೋನಿನಲ್ಲೂ ತಕರಾರಿಲ್ಲದೆ ಓಡುತ್ತದೆ. ಮನೆಯಲ್ಲಿ ವೈಫೈ ಇದ್ದಾಗ ಏರಿಯಾ ಇಳಿಸಿಕೊಂಡು ಹೊರಟರೆ, ನೆಟ್ ಇಲ್ಲದ ಕಡೆಯೂ ಉತ್ತರ ತುಂಬಬಹುದು, ಆಮೇಲೆ ತಾನೇ ಅಪ್‌ಲೋಡ್ ಆಗುತ್ತದೆ. ಬಿಸಿಲಲ್ಲಿ ಸ್ಕ್ರೀನ್ ಕಾಣಿಸುವುದಿಲ್ಲ. ವಿಜಯಪುರದ ಏಪ್ರಿಲ್ ಬಿಸಿಲು ಗೊತ್ತಲ್ಲ, ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ.

ನನಗೆ ಮುಖ್ಯ ಅನ್ನಿಸಿದ್ದು ಬೇರೆ ವಿಷಯ. ಓಪನ್ ಸೋರ್ಸ್ ಅಂದರೆ ಎಲ್ಲರೂ ಬರಬಹುದು ಅಂತ ಬೋರ್ಡ್ ಇರುತ್ತದೆ. ಆದರೆ ನಿಜವಾಗಿ ಒಳಗೆ ಬರುವವರು ಯಾರು? ಇಂಗ್ಲಿಷ್ ಬಲ್ಲವರು, ಲ್ಯಾಪ್‌ಟಾಪ್ ಇರುವವರು, ಹೊತ್ತು ಇರುವವರು, ಬಹುಪಾಲು ಹುಡುಗರು. ಉಳಿದವರಿಗೆ ಬಾಗಿಲು ಮುಚ್ಚಿಲ್ಲ, ಆದರೆ ಮೆಟ್ಟಿಲು ಎತ್ತರ. ಈ ಆ್ಯಪ್ ಆ ಮೊದಲ ಮೆಟ್ಟಿಲನ್ನು ಎಷ್ಟು ತಗ್ಗಿಸಿದೆ ಅಂದರೆ, ನಮ್ಮ ಓಣಿಯಲ್ಲಿ ಯಾರು ಯಾರು ಹತ್ತಿದರು ಅಂತ ಕೇಳಿದರೆ ನೀವು ನಂಬಲಿಕ್ಕಿಲ್ಲ.

ಆಟೋ ಓಡಿಸುವ ಕಾಕಾ ಒಬ್ಬರಿದ್ದಾರೆ. ಗಾಂಧಿ ಚೌಕದ ಸ್ಟ್ಯಾಂಡಿನಲ್ಲಿ ಗಿರಾಕಿ ಇಲ್ಲದಾಗ ಫೋನ್ ತೆಗೆಯುತ್ತಾರೆ. ಮೊದಲ ಸಲ ತೋರಿಸಿದಾಗ ಆ್ಯಪ್ ರಸ್ತೆಯ ಮೇಲ್ಮೈ ಯಾವುದು ಅಂತ ಕೇಳಿತು. ಕೆಳಗೆ ಫೋಟೋಗಳು ಬಂದವು, ಡಾಂಬರು, ಕಾಂಕ್ರೀಟ್, ಪೇವರ್ಸ್, ಮಣ್ಣು. ಕಾಕಾ ಹೇಳಿದ್ದು ಇಷ್ಟೇ. "ಇದನ್ನ ಹೇಳಾಕ ಸಾಲಿ ಕಲೀಬೇಕೇನ್ ತಮ್ಮಾ? ತಗೋ, ಮುಂದಿಂದು ಕೇಳು." ಓಪನ್‌ಸ್ಟ್ರೀಟ್‌ಮ್ಯಾಪ್ ಒಳಗೆ ಇಂಥ ವಿವರ ಬರೆದಿಡಲು ಟ್ಯಾಗ್ ಅಂತ ಒಂದು ಗುರುತು ಇರುತ್ತದೆ, ಅದರ ಮುಂದೆ ಇಂಥದ್ದೇ ಪದ ಬರೆಯಬೇಕು ಅಂತ ಇರುತ್ತದೆ, ಹೊಸಬರು ಅದನ್ನೆಲ್ಲ ಓದಿ ಕಲಿಯುವ ಹೊತ್ತಿಗೆ ಉತ್ಸಾಹ ಇಳಿದುಹೋಗಿರುತ್ತದೆ. ಇಲ್ಲಿ ಅದ್ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಫೋಟೋ ಮುಟ್ಟಿದರೆ ಆಯಿತು.

ಇದು ತಾನಾಗಿ ಆದದ್ದಲ್ಲ. ಹೊಸ ಪ್ರಶ್ನೆ ಸೇರಿಸಬೇಕು ಅಂದರೆ ಈ ಯೋಜನೆಯಲ್ಲಿ ಬರೆದಿಟ್ಟ ನಿಯಮಗಳಿವೆ. ಉತ್ತರದಿಂದ ಯಾರಿಗಾದರೂ ಉಪಯೋಗ ಇರಬೇಕು. ನಕ್ಷೆಯ ಬಗ್ಗೆ ಏನೂ ಗೊತ್ತಿಲ್ಲದವರೂ ಉತ್ತರಿಸುವಂತಿರಬೇಕು. ಅಂದರೆ ಕೋಡ್ ಬರೆಯುವವರು ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಶುರು ಮಾಡುತ್ತಾರೆ. ಎಷ್ಟು ಯೋಜನೆಗಳಲ್ಲಿ ಈ ಶಿಸ್ತು ಇದೆ ಹೇಳಿ?

ಇನ್ನೊಂದು ಗುಣ ನನಗೆ ಬಹಳ ಹಿಡಿಸಿತು. ಗೊತ್ತಿಲ್ಲ ಅನ್ನುವುದಕ್ಕೂ ಜಾಗ ಇದೆ. ಉತ್ತರ ಹೇಳಲು ಆಗದಿದ್ದರೆ ಒಂದು ನೋಟ್ ಬರೆದು ಬಿಡಬಹುದು, ಫೋಟೋ ಹಾಕಬಹುದು, ಅಥವಾ ಆ ಪ್ರಶ್ನೆಯನ್ನು ಮರೆ ಮಾಡಬಹುದು. ತಪ್ಪು ಒತ್ತಿದರೆ ಹಿಂದಕ್ಕೆ ತೆಗೆಯಬಹುದು. ಜಾಗದಿಂದ ದೂರ ನಿಂತು ಉತ್ತರಿಸಿದರೆ, ನೀವು ನಿಜವಾಗಿ ಅಲ್ಲಿ ಹೋಗಿ ನೋಡಿದ್ದೀರಾ ಅಂತ ಕೇಳುತ್ತದೆ. ಅಂಗಡಿಯ ಸಮಯ ಕೇಳುವ ಪ್ರಶ್ನೆಯಲ್ಲಿ "ಬೋರ್ಡ್ ಇಲ್ಲ" ಎನ್ನುವ ಆಯ್ಕೆ ಕೊಟ್ಟಿದ್ದಾರೆ. ನಮ್ಮ ಕಡೆ ಇದು ತುಂಬಾ ಬೇಕು. ಎಲ್‌ಬಿಎಸ್ ಮಾರ್ಕೆಟ್ ಸುತ್ತ ಎಷ್ಟು ಅಂಗಡಿಯವರು ಬಾಗಿಲ ಮೇಲೆ ಸಮಯ ಬರೆದಿರುತ್ತಾರೆ? ಆ ಆಯ್ಕೆ ಇಲ್ಲದಿದ್ದರೆ ಜನ ಸುಮ್ನೆ ಅಂದಾಜಿನಲ್ಲಿ ತುಂಬುತ್ತಿದ್ದರು. ಹೊಸಬರಿಗೆ ತಪ್ಪಾದೀತು ಎನ್ನುವ ಹೆದರಿಕೆಯೇ ದೊಡ್ಡದು, ಅಲ್ವಾ. ಆ ಹೆದರಿಕೆ ಇಲ್ಲಿ ಕಡಿಮೆ.

ಇದಕ್ಕೆ ಪೂರ್ತಿ ಉಲ್ಟಾ ಇರುವ ಅನುಭವವನ್ನೂ ಹೇಳಬೇಕು. ಬೇರೊಂದು ಓಪನ್ ಸೋರ್ಸ್ ಸಾಫ್ಟ್‌ವೇರ್, ಹೆಸರು ಬೇಡ. ನನ್ನ ಗೆಳತಿ ಅದರ ಮೆನುಗಳನ್ನೆಲ್ಲ ಕನ್ನಡಕ್ಕೆ ತಂದು ಕಳಿಸಿದಳು. ತಿಂಗಳುಗಟ್ಟಲೆ ಉತ್ತರವಿಲ್ಲ. ಬೇಡ ಅಂತಲೂ ಹೇಳಲಿಲ್ಲ, ಸರಿ ಅಂತಲೂ ಹೇಳಲಿಲ್ಲ. ಕೊನೆಗೆ ಯಾರೋ ಬಂದು ಫಾರ್ಮ್ಯಾಟ್ ಸರಿಯಿಲ್ಲ ಅಂತ ಒಂದು ಸಾಲು ಬರೆದು ಮುಚ್ಚಿಬಿಟ್ಟರು. ಅವಳು ಮತ್ತೆ ಆ ಕಡೆ ಹೋಗಿಲ್ಲ. ಅವಳ ಕನ್ನಡ ಎಂಥಾ ಚಂದ ಗೊತ್ತಾ? ಆ ಯೋಜನೆಗೆ ಏನು ಕಳೆದುಕೊಂಡೆವು ಎನ್ನುವುದೂ ತಿಳಿದಿರಲಿಕ್ಕಿಲ್ಲ. ಮೊದಲ ಕೊಡುಗೆಗೆ ಎರಡು ದಿನದೊಳಗೆ ಒಬ್ಬ ಮನುಷ್ಯ "ಬಂತು, ನೋಡುತ್ತೇನೆ" ಅಂದರೆ ಸಾಕಿತ್ತು.

ಜನ ಬೇಕು ಅಂತ ಬಹುಮಾನ ಇಟ್ಟರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. ಹ್ಯಾಕ್ಟೋಬರ್‌ಫೆಸ್ಟ್ ಅಂತ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುತ್ತದೆ. ಓಪನ್ ಸೋರ್ಸ್‌ಗೆ ಕೆಲವು ತಿದ್ದುಪಡಿ ಕಳಿಸಿದರೆ ಟಿ-ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಟಿ-ಶರ್ಟ್ ಆಸೆಗೆ ಅರ್ಥವಿಲ್ಲದ ತಿದ್ದುಪಡಿಗಳು ಎಷ್ಟು ಬಂದವು ಅಂದರೆ ಯೋಜನೆಗಳನ್ನು ನೋಡಿಕೊಳ್ಳುವ ಮೇಂಟೇನರ್‌ಗಳು ರೊಚ್ಚಿಗೆದ್ದರು. ಆಯೋಜಕರು ಅದೇ ತಿಂಗಳು ನಿಯಮ ಬದಲಿಸಿ, ತಾವಾಗಿ ಸೇರಲು ಒಪ್ಪಿಕೊಂಡ ಯೋಜನೆಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಅಂತ ಮಾಡಬೇಕಾಯಿತು. ನಮ್ಮ ಕಾಲೇಜುಗಳಲ್ಲಿ ಸರ್ಟಿಫಿಕೇಟಿಗಾಗಿ ನಕ್ಷೆ ತುಂಬಿಸುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಇದನ್ನು ನೆನಪಿಡಿ. ಗುಂಪು ಕಟ್ಟಿಕೊಂಡು ತಿದ್ದುವುದಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ 2018ರಲ್ಲೇ ಮಾರ್ಗಸೂಚಿ ಮಾಡಿದೆ. ಯಾರು ಮಾಡುತ್ತಿದ್ದೀರಿ, ಏನು ಮಾಡುತ್ತಿದ್ದೀರಿ ಅಂತ ಮೊದಲೇ ತಿಳಿಸಿ ಅನ್ನುತ್ತದೆ. ತಿಳಿಸಿದರೆ ಸಹಾಯವೂ ಸಿಗುತ್ತದೆ.

ಸ್ಟ್ರೀಟ್‌ಕಂಪ್ಲೀಟ್‌ನಲ್ಲೂ ಸ್ಟಾರ್ ಇದೆ, ಸಾಧನೆಯ ಬ್ಯಾಡ್ಜ್ ಇದೆ, ದೇಶದೊಳಗೆ ನಿಮ್ಮ ರ‍್ಯಾಂಕ್ ಎಷ್ಟು ಅಂತಲೂ ತೋರಿಸುತ್ತದೆ. ಕಾಲೇಜು ಹುಡುಗರು ಇದಕ್ಕೆ ಬೇಗ ಅಂಟಿಕೊಂಡರು. ಒಳ್ಳೆಯದೇ. ಆದರೆ ಅವರಲ್ಲಿ ಕೆಲವರು ಸ್ಟಾರ್ ಲೆಕ್ಕ ಹಿಡಿದು ಓಡಲು ಶುರು ಮಾಡಿದಾಗ, ನಿಧಾನವಾಗಿ ನೋಡಿ ಉತ್ತರಿಸುವ ಹೆಂಗಸರು ಹಿಂದೆ ಉಳಿದರು. ಆಮೇಲೆ ನಾವು ಗುಂಪಿನಲ್ಲಿ ಸ್ಟಾರ್ ಮಾತು ಎತ್ತುವುದನ್ನೇ ಬಿಟ್ಟೆವು. ಅದರ ಬದಲು ಆ್ಯಪಿನಲ್ಲೇ ಇರುವ ಟೀಮ್ ಮೋಡ್ ಹಾಕಿಕೊಂಡೆವು. ಒಂದೇ ಏರಿಯಾಕ್ಕೆ ಹಲವರು ಹೋದಾಗ ಪ್ರಶ್ನೆಗಳನ್ನು ಎಲ್ಲರಿಗೂ ಹಂಚಿಕೊಡುತ್ತದೆ, ಒಬ್ಬರು ಮಾಡಿದ್ದನ್ನೇ ಇನ್ನೊಬ್ಬರು ಮಾಡುವ ಗೊಂದಲ ಇಲ್ಲ. ಯಾವ ಪ್ರಶ್ನೆ ಬೇಕು, ಯಾವುದು ಬೇಡ ಅಂತ ಪ್ರೀಸೆಟ್ ಮಾಡಿಟ್ಟು ಉಳಿದವರಿಗೆ ಹಂಚಲೂ ಬಹುದು. ಮೊದಲ ದಿನ ಬಂದವರಿಗೆ ಮೂರು ನಾಲ್ಕು ಬಗೆಯ ಪ್ರಶ್ನೆ ಮಾತ್ರ ಇರುವ ಪ್ರೀಸೆಟ್ ಕೊಡುತ್ತೇವೆ. ಪೂರ್ತಿ ಆ್ಯಪ್ ಒಮ್ಮೆಗೇ ತೆರೆದರೆ ಸ್ಕ್ರೀನ್ ತುಂಬಾ ಪಿನ್ ಕಾಣಿಸಿ ಗಾಬರಿಯಾಗುತ್ತಾರೆ.

ಯಾರು ನಕ್ಷೆ ಬರೆಯುತ್ತಾರೋ ಅವರ ಊರು ನಕ್ಷೆಯಲ್ಲಿ ಬರುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ. ಬೀದಿದೀಪದ ಪ್ರಶ್ನೆ ತಗೊಳ್ಳಿ. ಹುಡುಗರು ದೊಡ್ಡ ರಸ್ತೆ ನೋಡಿ ದೀಪ ಇದೆ ಅಂತ ಒತ್ತಿ ಮುಂದೆ ಹೋದರು. ಟ್ಯೂಷನ್ ಮುಗಿಸಿ ಕತ್ತಲಾದ ಮೇಲೆ ಮನೆಗೆ ಬರುವ ಹುಡುಗಿಯರು ಸ್ಟೇಷನ್ ರೋಡಿನ ಹಿಂದಿನ ಒಂದೊಂದು ಸಂದಿಯನ್ನೂ ಹೇಳಿದರು. ಇದರಲ್ಲಿ ದೀಪ ಇಲ್ಲ, ಅದರಲ್ಲಿ ಕಂಬ ಇದೆ ಬಲ್ಬ್ ಉರಿಯುವುದಿಲ್ಲ, ಈ ಕಡೆಯಿಂದ ನಾವು ಬರುವುದೇ ಇಲ್ಲ. ಟೇಲರಿಂಗ್ ಮಾಡುವ ಅಕ್ಕ ಒಬ್ಬರು ಸಾರ್ವಜನಿಕ ಶೌಚಾಲಯದ ಮುಂದೆ ನಿಂತು ಕೇಳಿದರು. "ಅಲ್ಲೋ, ಇದರಾಗ ಹೆಣ್ಮಕ್ಕಳಿಗೆ ಬ್ಯಾರೆ ಬಾಗಿಲ ಐತೋ ಇಲ್ಲೋ ಅಂತ ಯಾಕ ಬರಿಯಂಗಿಲ್ಲ?" ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅದನ್ನು ಬರೆಯಲು ಟ್ಯಾಗ್ ಇದೆ. ಅಕ್ಕ ನೋಟ್ ಬಿಟ್ಟರು, ಮನೆಗೆ ಬಂದು ನಾವು ಕಂಪ್ಯೂಟರಿನಲ್ಲಿ ಸೇರಿಸಿದೆವು. ವೀಲ್‌ಚೇರ್ ಬಳಸುವ ನಿವೃತ್ತ ಮಾಸ್ತರರು ಬಂದ ಮೇಲೆ ರಾಂಪಿನ ವಿಷಯದಲ್ಲಿ ನಮ್ಮ ಕಣ್ಣೇ ಬದಲಾಯಿತು. ರಾಂಪ್ ಇದೆ ಅಂತ ನಾವು ಹೌದು ಒತ್ತುತ್ತಿದ್ದೆವು, ಅದರ ಬುಡದಲ್ಲೇ ಬೈಕ್ ನಿಲ್ಲಿಸಿರುತ್ತಾರೆ, ಅಥವಾ ಒಂದು ಗೇಣು ಎತ್ತರದ ಅಂಚು ಇರುತ್ತದೆ. "ಭಾಗಶಃ" ಅನ್ನುವ ಉತ್ತರ ಯಾಕಿದೆ ಅಂತ ಅವರಿಂದ ಕಲಿತೆವು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಹೆಂಗಸರು ಮೊದಲಿನಿಂದಲೂ ತುಂಬಾ ಕಡಿಮೆ. 2011ರಲ್ಲಿ ಮಕ್ಕಳ ಆರೈಕೆ ಕೇಂದ್ರಕ್ಕೆ ಪ್ರತ್ಯೇಕ ಟ್ಯಾಗ್ ಬೇಕು ಎನ್ನುವ ಪ್ರಸ್ತಾಪ ಮತಕ್ಕೆ ಬಂದಾಗ ಬಿದ್ದುಹೋಯಿತು. ಅದು ಆಮೇಲೆ ಬಹಳ ಚರ್ಚೆಯಾಯಿತು. ಮತ ಹಾಕಿದವರಲ್ಲಿ ಕೂಸನ್ನು ಎಲ್ಲಿ ಬಿಟ್ಟು ಕೆಲಸಕ್ಕೆ ಹೋಗಲಿ ಅಂತ ಚಿಂತೆ ಮಾಡುವ ತಾಯಂದಿರು ಜಾಸ್ತಿ ಇದ್ದಿದ್ದರೆ ಹಾಗಾಗುತ್ತಿತ್ತಾ? ಅಂಗನವಾಡಿ ಎಲ್ಲಿದೆ ಎನ್ನುವುದು ನಮ್ಮ ಓಣಿಯಲ್ಲಿ ಎಟಿಎಂ ಎಲ್ಲಿದೆ ಎನ್ನುವುದಕ್ಕಿಂತ ಕಡಿಮೆಯ ವಿಷಯವಲ್ಲ. ಲ್ಯಾಟಿನ್ ಅಮೆರಿಕದ ಹೆಂಗಸರು 2016ರಲ್ಲಿ ಜಿಯೋಚಿಕಾಸ್ ಅಂತ ತಮ್ಮದೇ ಗುಂಪು ಕಟ್ಟಿಕೊಂಡರು. ಊರಿನ ಎಷ್ಟು ರಸ್ತೆಗಳಿಗೆ ಹೆಂಗಸರ ಹೆಸರಿದೆ ಅಂತ ನಕ್ಷೆಯಲ್ಲಿ ಗುರುತಿಸಿದರು. ನಮ್ಮಲ್ಲಿ ಇದನ್ನು ಬಾವಿಗಳಿಂದ ಶುರು ಮಾಡಬೇಕು, ಚಾಂದ್ ಬಾವಡಿ, ತಾಜ್ ಬಾವಡಿ ಎರಡಕ್ಕೂ ರಾಣಿಯರ ಹೆಸರು. ಮಹಿಳಾ ವಿಶ್ವವಿದ್ಯಾಲಯವೇ ಇರುವ ಊರು ನಮ್ಮದು. ಅಲ್ಲಿನ ವಿದ್ಯಾರ್ಥಿನಿಯರು ಮನಸ್ಸು ಮಾಡಿದರೆ ಜಿಲ್ಲೆಯ ನಕ್ಷೆಯೇ ಬೇರೆ ಆಗುತ್ತದೆ, ಇದನ್ನು ಉತ್ಪ್ರೇಕ್ಷೆ ಮಾಡಿ ಹೇಳುತ್ತಿಲ್ಲ.

ಭಾಷೆಯ ವಿಷಯಕ್ಕೂ ಬರುತ್ತೇನೆ. ವಿಜಯಪುರದಲ್ಲಿ ಒಂದು ಗಲ್ಲಿ ದಾಟಿದರೆ ಮಾತು ಬದಲಾಗುತ್ತದೆ. ಕನ್ನಡ, ದಖ್ಖನಿ ಉರ್ದು, ಮರಾಠಿ, ಊರ ಹೊರಗಿನ ತಾಂಡಾಗಳಲ್ಲಿ ಲಂಬಾಣಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಜಾಗಕ್ಕೆ ಕನ್ನಡದ ಹೆಸರು, ಉರ್ದುವಿನ ಹೆಸರು, ಇಂಗ್ಲಿಷಿನ ಹೆಸರು ಎಲ್ಲ ಪಕ್ಕಪಕ್ಕದಲ್ಲಿ ಇರಬಹುದು. ಯಾವುದನ್ನೂ ಅಳಿಸಬೇಕಿಲ್ಲ. ರಸ್ತೆಯ ಹೆಸರು ಕೇಳುವಾಗ ಆ್ಯಪ್ ಕೂಡ ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಬರೆಯಲು ಬಿಡುತ್ತದೆ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರ ಆಯಿತು, ಹಳೆಯ ಹೆಸರಿಗೂ ನಕ್ಷೆಯಲ್ಲಿ ಪ್ರತ್ಯೇಕ ಜಾಗ ಇದೆ. ಉರ್ದು ಓದಬಲ್ಲ ಒಬ್ಬ ಹುಡುಗ ಬಂದ ಮೇಲೆ ನಮ್ಮ ಗುಂಪು ಜಾಮಿಯಾ ಮಸೀದಿ ಸುತ್ತಲಿನ ಓಣಿಗಳಿಗೆ ಹೋಗುವ ರೀತಿಯೇ ಬೇರೆಯಾಯಿತು. ಮೊದಲು ನಮ್ಮನ್ನು ನೋಡಿ ಜನ "ಏನ್ರೀ, ಯಾಕ ಫೋಟೋ ತಗೀಲಿಕತ್ತೀರಿ, ಸರ್ವೆ ಏನು?" ಅಂತ ಕೇಳುತ್ತಿದ್ದರು. ಅವರ ಓಣಿಯ ಹುಡುಗನೇ ಜೊತೆಗಿದ್ದರೆ ಆ ಅನುಮಾನ ಏಳುವುದೇ ಇಲ್ಲ, ಚಹಾ ಬರುತ್ತದೆ. ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ, ಯಾರ ಮನೆಯವರ ಹೆಸರನ್ನೂ ನಕ್ಷೆಗೆ ಹಾಕುವುದಿಲ್ಲ, ಫೋಟೋದಲ್ಲಿ ಮುಖ ಬರಬಾರದು. ಇದನ್ನು ಮೊದಲೇ ಹೇಳುತ್ತೇವೆ.

ಈಗ ಕೊರತೆಗಳು. ಮೊದಲನೆಯದು ಐಫೋನ್. ಗುಂಪಿನಲ್ಲಿ ಐಫೋನ್ ಇರುವವರು ಸುಮ್ಮನೆ ನಿಂತಿರಬೇಕಾಗುತ್ತದೆ. ಅವರಿಗೆ ಎವ್ರಿ ಡೋರ್ ಅಂತ ಇನ್ನೊಂದು ಆ್ಯಪ್ ಹಾಕಿಕೊಡುತ್ತೇವೆ, ಅದು ಎರಡೂ ಬಗೆಯ ಫೋನಿನಲ್ಲಿ ನಡೆಯುತ್ತದೆ, ಅಂಗಡಿಗಳನ್ನು ಸೇರಿಸಲು ಚೆನ್ನಾಗಿದೆ. ಆದರೆ ಹೊಸಬರಿಗೆ ಇಷ್ಟು ಸುಲಭವಲ್ಲ. ಎರಡನೆಯದು, ಇಲ್ಲಿ ಹೊಸ ರಸ್ತೆ ಎಳೆಯಲು ಆಗುವುದಿಲ್ಲ. ಓವರ್‌ಲೇ, ಅಂದರೆ ಒಂದೇ ಬಗೆಯ ವಿವರಗಳನ್ನು ನಕ್ಷೆಯ ಮೇಲೆ ತೋರಿಸುವ ಪದರ, ಹಾಕಿಕೊಂಡರೆ ಅಂಗಡಿ, ಬೆಂಚು ಇಂಥವನ್ನು ಸೇರಿಸಬಹುದು. ತಾಂಡಾದ ದಾರಿಯೇ ನಕ್ಷೆಯಲ್ಲಿ ಇಲ್ಲದಿದ್ದರೆ ಆ್ಯಪಿಗೆ ಕೇಳಲು ಪ್ರಶ್ನೆಯೇ ಇರುವುದಿಲ್ಲ. ಹಾಗಾಗಿ ಮೊದಲೇ ವಿವರ ಇರುವ ಊರಿಗೆ ಇನ್ನಷ್ಟು ವಿವರ, ಏನೂ ಇಲ್ಲದ ಊರಿಗೆ ಏನೂ ಇಲ್ಲ. ಮೊದಲು ಯಾರಾದರೂ ಕಂಪ್ಯೂಟರಿನಲ್ಲಿ ಉಪಗ್ರಹ ಚಿತ್ರ ನೋಡಿ ದಾರಿ, ಮನೆ ಎಳೆದಿರಬೇಕು.

ಇವೆರಡೂ ಸಣ್ಣವು. ದೊಡ್ಡ ಕೊರತೆ ಇನ್ನೊಂದಿದೆ. ಈ ಆ್ಯಪಿನಲ್ಲಿ ಒಬ್ಬರೇ ಎಷ್ಟು ವರ್ಷ ಬೇಕಾದರೂ ಉತ್ತರ ತುಂಬುತ್ತಾ ಇರಬಹುದು, ಪಕ್ಕದ ಓಣಿಯಲ್ಲಿ ಇನ್ನೊಬ್ಬರು ಅದನ್ನೇ ಮಾಡುತ್ತಿದ್ದಾರೆ ಅಂತ ಗೊತ್ತಾಗುವುದೇ ಇಲ್ಲ. ಬ್ಯಾಡ್ಜ್ ಸಿಕ್ಕಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸಂಬಂಧಪಟ್ಟ ಬೇರೆ ಯೋಜನೆಗಳ ಲಿಂಕ್ ತೆರೆದುಕೊಳ್ಳುತ್ತದೆ, ಅದು ಒಳ್ಳೆಯ ಯೋಚನೆ. ಆದರೆ ಲಿಂಕ್ ಕೊಟ್ಟರೆ ಜನ ಸಿಕ್ಕಂತಾಗುವುದಿಲ್ಲ. ಹೊಸಬರು ಬಿಟ್ಟ ನೋಟ್‌ಗಳನ್ನು ಓದುವವರು ಬೇಕು. ನೋಟ್ ಎಲ್ಲರಿಗೂ ಕಾಣುತ್ತದೆ, ಯಾರು ಬೇಕಾದರೂ ಉತ್ತರಿಸಬಹುದು. ಯಾರು ಬೇಕಾದರೂ ಅಂದರೆ ಯಾರೂ ಮಾಡದೇ ಇರುವ ಅಪಾಯವೂ ಇದೆ. ನಮ್ಮಲ್ಲಿ ಅದಕ್ಕೆ ಪಾಳಿ ಹಾಕಿಕೊಂಡಿದ್ದೇವೆ. ಪ್ರತಿ ವಾರ ಒಬ್ಬರು ಊರಿನ ಹೊಸ ನೋಟ್ ನೋಡುತ್ತಾರೆ, ಬರೆದವರಿಗೆ ಕನ್ನಡದಲ್ಲೇ ಉತ್ತರ ಹಾಕುತ್ತಾರೆ. ತಿದ್ದಿದರೆ ಏನು ತಿದ್ದಿದೆವು ಅಂತ ಹೇಳುತ್ತಾರೆ. ಟೇಲರಿಂಗ್ ಅಕ್ಕ ಈಗ ಬೇರೆಯವರ ನೋಟ್‌ಗೆ ಉತ್ತರ ಬರೆಯುತ್ತಾರೆ. ನನ್ನ ಮಟ್ಟಿಗೆ ಈ ಗುಂಪು ಮಾಡಿದ ಎಲ್ಲಕ್ಕಿಂತ ದೊಡ್ಡ ಕೆಲಸ ಅದು. ಉತ್ತರ ಕೊಟ್ಟವರು ಇನ್ನೊಬ್ಬರಿಗೆ ಹೇಳಿಕೊಡುವವರಾದರೆ ಮಾತ್ರ, ಶುರು ಮಾಡಿದವರು ಕೆಲಸಕ್ಕೆ ಅಂತ ಪುಣೆಗೋ ಬೆಂಗಳೂರಿಗೋ ಹೋದ ಮೇಲೂ ಗುಂಪು ನಡೆಯುತ್ತದೆ. ನಮ್ಮ ಕಡೆ ಹುಡುಗರು ಹೋಗೇ ಹೋಗುತ್ತಾರೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಕಟ್ಟಬೇಕು.

ಆ್ಯಪಿನ ಬಗ್ಗೆಯೂ ಇದೇ ಆತಂಕ ನನಗಿದೆ. ಕೈಜೋಡಿಸಿದವರು ಬಹಳ ಜನ ಇದ್ದರೂ ಭಾರದ ದೊಡ್ಡ ಪಾಲು ಶುರು ಮಾಡಿದವರ ಮೇಲೇ ಇದೆ. ದೇಣಿಗೆ ಕೊಡುವ ದಾರಿಗಳಿವೆ, ಬಳಸುವವರು ಆದಷ್ಟು ಕೊಡಿ. ಕೋಡ್ ಬರದವರೂ ಅನುವಾದಕ್ಕೆ ಕೈ ಹಾಕಬಹುದು. ಸಮಾಧಾನದ ಸಂಗತಿ ಏನಂದರೆ ಎಲ್ಲ ತೆರೆದಿದೆ, ಯಾರಿಗಾದರೂ ಬೇರೆ ದಾರಿ ಬೇಕಾದರೆ ಕೋಡ್ ತಗೊಂಡು ಹೋಗಬಹುದು. ಈಗಾಗಲೇ ಅನುಭವಿಗಳಿಗೆ ಅಂತ ಬೇರೆ ಆವೃತ್ತಿ ಇದೆ. ಇದೇ ನಕ್ಷೆ ಬಳಸಿ ದಾರಿ ತೋರಿಸುವ ಆರ್ಗ್ಯಾನಿಕ್ ಮ್ಯಾಪ್ಸ್ ಎಂಬ ಆ್ಯಪಿನಲ್ಲಿ 2025ರಲ್ಲಿ ಆಡಳಿತ ಯಾರ ಕೈಯಲ್ಲಿರಬೇಕು ಎನ್ನುವ ಭಿನ್ನಾಭಿಪ್ರಾಯ ಎದ್ದು, ಕೆಲವು ಕಾಂಟ್ರಿಬ್ಯೂಟರ್‌ಗಳು ಹೊರಬಂದು ಅದೇ ಕೋಡ್‌ನಿಂದ ಕೋಮ್ಯಾಪ್ಸ್ ಅಂತ ಬೇರೆ ಆ್ಯಪ್ ಮಾಡಿಕೊಂಡರು. ನೋವಿನ ವಿಷಯವೇ. ಆದರೆ ಅವರು ಅಷ್ಟು ವರ್ಷ ಮಾಡಿದ ಕೆಲಸ ಅವರ ಜೊತೆ ಹೋಯಿತು, ನಕ್ಷೆಯ ಮಾಹಿತಿ ಎರಡೂ ಕಡೆ ಉಳಿಯಿತು. ಬೀಗ ಹಾಕಿದ ಆ್ಯಪಿನಲ್ಲಿ ಇದು ಸಾಧ್ಯವೇ ಇರಲಿಲ್ಲ.

5ಕ್ಕೆ 4 ಕೊಡುತ್ತೇನೆ. ಹಿಡಿದಿಟ್ಟ ಒಂದು, ಹತ್ತಿರದಲ್ಲಿ ಯಾರಿದ್ದಾರೆ ಅಂತ ಹೊಸಬರಿಗೆ ತೋರಿಸುವ ಒಂದು ಪುಟ ಬಂದ ದಿನ ಕೊಡುತ್ತೇನೆ.

ಶುರು ಮಾಡುವವರಿಗೆ ಒಂದೆರಡು ಮಾತು. ಅಕೌಂಟ್ ಮಾಡದೆಯೂ ಉತ್ತರ ತುಂಬಿ ನೋಡಬಹುದು, ಕಳಿಸುವಾಗ ಮಾತ್ರ ಓಪನ್‌ಸ್ಟ್ರೀಟ್‌ಮ್ಯಾಪ್ ಅಕೌಂಟ್ ಬೇಕು. ಸ್ವಂತ ಹೆಸರು ಇಡಲೇಬೇಕು ಅಂತಿಲ್ಲ, ಹೆಣ್ಣುಮಕ್ಕಳು ಬೇರೆ ಹೆಸರು ಇಟ್ಟುಕೊಂಡರೆ ಒಳ್ಳೆಯದು, ಮನೆ ಹತ್ತಿರದಿಂದಲೇ ಶುರು ಮಾಡುವ ಬದಲು ಮಾರ್ಕೆಟ್ ಕಡೆಯಿಂದ ಶುರು ಮಾಡಿ. ಬಸ್ ಸ್ಟಾಪ್, ರಸ್ತೆ ಮೇಲ್ಮೈ, ಬೀದಿದೀಪ, ವೀಲ್‌ಚೇರ್ ಈ ನಾಲ್ಕು ಪ್ರಶ್ನೆ ಇಟ್ಟುಕೊಂಡು ಉಳಿದದ್ದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಒಬ್ಬರೇ ಹೋಗಬೇಡಿ, ವಯಸ್ಸಾದವರೊಬ್ಬರನ್ನು ಕರೆದುಕೊಂಡು ಹೋಗಿ, ಓಣಿಯ ಹೆಸರುಗಳು ಅವರಿಗೆ ಗೊತ್ತಿರುತ್ತವೆ. ಶಹಾಪುರ ದರ್ವಾಜಾ ಕಡೆಯ ಓಣಿಗಳು, ಅಥಣಿ ರೋಡಿನ ಹೊಸ ಲೇಔಟ್‌ಗಳು ಇನ್ನೂ ಹೆಚ್ಚುಕಡಿಮೆ ಖಾಲಿ ಇವೆ, ಆ ಕಡೆಯವರು ಯಾರಾದರೂ ಇದ್ದರೆ ನಮಗೆ ತುಂಬಾ ಬೇಕು.